ಬೆಂಕಿ ಹತ್ತದ ಫೋಮ್

ಲಿಪೊವಾ ಗೂರ್ಕಾ, ಪೋಲೆಂಡ್
24 ಏಪ್ರಿಲ್ 2019, ಬುಧವಾರ

ಪ್ರೀತಿಯ ಅಪ್ಪಾ,

ನಿನ್ನ ಕೆಮ್ಮು ಈಗ ಹೇಗಿದೆ? ಸಮುದ್ರದ ಗಾಳಿಗೆ ಎದೆ ಹಗುರಾಗಿದೆ, ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತೀಯ ಎಂದು ಸೋದರತ್ತೆ ಹೇಳಿದಳು. ನಾನು ಫೋನ್ ಮಾಡಿದಾಗ ಮಾತ್ರ ಎದ್ದು ಹಿತ್ತಿಲಿಗೆ ಹೋಗಿಬಿಡುತ್ತೀಯಂತೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಪೂರ್ತಿ ಓದು ಅಪ್ಪಾ.

ನಿನ್ನ ಮೊಮ್ಮಗಳು ಕಲಿನಾ ಚಳಿಗಾಲವಿಡೀ ಕೂತಲ್ಲೇ ತೂಕಡಿಸುತ್ತಿದ್ದದ್ದು ನಿನಗೆ ಗೊತ್ತು. ಹೋದ ವರ್ಷದ ಬೂಟು ಅವಳಿಗೆ ಈ ವರ್ಷವೂ ಸಡಿಲ. ಥೈರಾಯ್ಡ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಡಾಕ್ಟರ್ ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. "ಮಗು ಏನು ತಿನ್ನುತ್ತಮ್ಮಾ?" ಎಂದು ಕೇಳಿದಾಗ, "ಮನೇಲೇ ಸಾಕಿದ ಕೋಳಿ ಮೊಟ್ಟೆ, ದಿನಕ್ಕೆರಡು" ಎಂದು ನಾನು ಜಂಬದಿಂದಲೇ ಹೇಳಿದೆ. ಆಮೇಲೆ ವಿಶ್ವವಿದ್ಯಾಲಯದವರು ಬಂದು ಊರಿನ ಆರು ಮನೆಯ ಮೊಟ್ಟೆ ಪರೀಕ್ಷೆಗೆ ಒಯ್ದರು. ನೀನು ಅತ್ತೆಯ ಊರಿಗೆ ಹೊರಟದ್ದು ಅದೇ ವಾರ. ಮಾರ್ಚಿನಲ್ಲಿ ಫಲಿತಾಂಶ ಬಂತು. ಸೋಫಾದ ಫೋಮಿಗೆ ಬೆಂಕಿ ಹತ್ತದಿರಲೆಂದು ಬೆರೆಸುತ್ತಾರಲ್ಲ, ಆ ರಾಸಾಯನಿಕವೇ ಆರೂ ಮನೆಯ ಮೊಟ್ಟೆಗಳಲ್ಲಿದೆ. ಮೈಯ ಕೊಬ್ಬಿನಲ್ಲಿ ಒಮ್ಮೆ ಸೇರಿಕೊಂಡರೆ ವರ್ಷಗಟ್ಟಲೆ ಹೋಗುವುದಿಲ್ಲವಂತೆ. ಕಲಿನಾಳ ಕಾಯಿಲೆ ಅದರಿಂದಲೇ ಬಂತೆಂದು ಡಾಕ್ಟರ್ ಹೇಳುತ್ತಿಲ್ಲ. ಅಲ್ಲವೆಂದೂ ಹೇಳುತ್ತಿಲ್ಲ. ಈ ಎರಡರ ನಡುವೆ ಬದುಕುವುದು ಎಷ್ಟು ಕಷ್ಟ ಎಂದು ನಿನಗೆ ಹೇಗೆ ತಿಳಿಸಲಿ.

ಸೋಫಾ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದ ನೀನು ಉಳಿದ ಫೋಮಿನ ಚೂರುಗಳನ್ನು ಚೀಲಗಟ್ಟಲೆ ತಂದು ಊರಿಗೆಲ್ಲ ಹಂಚಿದೆ. "ಕೋಳಿಗೂಡಲ್ಲಿ ಹಾಸಿ, ಬೆಚ್ಚಗಿರುತ್ತೆ" ಎನ್ನುತ್ತಿದ್ದೆ. ಒಂದು ಚೂರಿಗೆ ಕಡ್ಡಿ ಗೀರಿ ಹಿಡಿದು, "ನೋಡ್ರೋ, ಬೆಂಕಿಗೇ ಹೆದರಲ್ಲ ಇದು" ಎಂದು ಮಕ್ಕಳನ್ನು ನಗಿಸುತ್ತಿದ್ದೆ. ಕೋಳಿಗಳು ಅದನ್ನು ಕಾಳಿನ ಹಾಗೆ ಕುಕ್ಕಿ ತಿಂದವು. ನಾನೂ ನೋಡಿದ್ದೆ, ಓಡಿಸಲಿಲ್ಲ. ಆ ತಪ್ಪು ನನ್ನದೂ ಹೌದು.

ಈಸ್ಟರಿಗೆ ಮೊದಲೇ ಸರ್ಕಾರಿ ತಪಾಸಣೆಯವರು ಕೋಳಿಗಳನ್ನೆಲ್ಲ ಒಯ್ದರು. ಶನಿವಾರ ಚರ್ಚಿನಲ್ಲಿ ಹಬ್ಬದ ಮೊಟ್ಟೆಯ ಬುಟ್ಟಿಗಳನ್ನು ಆಶೀರ್ವಾದಕ್ಕೆಂದು ಸಾಲಾಗಿ ಇಟ್ಟಾಗ ಪಕ್ಕದ ಮನೆಯ ಗೆನೊವೆಫಾ ಅಜ್ಜಿಯ ಬುಟ್ಟಿಯಲ್ಲಿ ಮರದ ಮೊಟ್ಟೆಗಳಿದ್ದವು. ಪಾದ್ರಿಗಳು ನೋಡಿ, ಅದಕ್ಕೂ ತೀರ್ಥ ಚಿಮುಕಿಸಿದರು. ಹೊರಗೆ ಬಂದ ಮೇಲೆ ಅಜ್ಜಿ ನನ್ನ ಕೈ ಹಿಡಿದು, "ನಿಮ್ಮಪ್ಪ ಕೆಟ್ಟವನಲ್ಲ ಕಣೇ ಬೊಗ್ನಾ, ಅದೇ ನನ್ನ ಸಂಕಟ. ಕೆಟ್ಟವನಾಗಿದ್ರೆ ಚೆನ್ನಾಗಿ ಬೈದು ಹಗುರಾಗ್ತಿದ್ದೆ" ಎಂದಳು.

ಅಷ್ಟಕ್ಕೇ ಮುಗಿದಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಈಗ ಕೆರೆಯ ಮೀನಿನಲ್ಲೂ ಅದೇ ಸಿಕ್ಕಿದೆ. ಕೆರೆಗೆ ಯಾರೂ ಫೋಮ್ ಹಾಕಿಲ್ಲ. ಎಲ್ಲೋ ಹೂತಿಟ್ಟದ್ದು ನೀರಿಗೆ ಇಳಿಯುತ್ತಿದೆ ಎನ್ನುತ್ತಾರೆ ತಪಾಸಣೆಯವರು. ಕಾರ್ಖಾನೆಯ ಹೊಸ ಮಾಲೀಕರ ಹತ್ತಿರ ಕಸ ವಿಲೇವಾರಿಯ ಹಳೆಯ ಕಾಗದಗಳಿವೆ, ಕಾಗದದಲ್ಲಿ ಎಲ್ಲ ಸರಿಯಾಗಿದೆ. ಊರಿನವರು ನನ್ನ ಮುಖ ನೋಡುತ್ತಾರೆ, ಬಾಯಿಬಿಟ್ಟು ಏನೂ ಕೇಳುವುದಿಲ್ಲ. ಕಲಿನಾ ಮಾತ್ರ, "ತಾತಂಗೆ ನನ್ನ ಮೇಲೆ ಕೋಪಾನಾ?" ಎಂದು ದಿನವೂ ಕೇಳುತ್ತಾಳೆ.

ಅತ್ತೆಗೆ ನನ್ನ ನೆನಪು ಹೇಳು. ಬಿಸಿನೀರು ಕುಡಿ, ಸಿಗರೇಟು ಮುಟ್ಟಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಮಗಳು
ಬೊಗ್ನಾ

ತಾ.ಕ.: ಬರೆಯಬಾರದು ಅಂದುಕೊಂಡಿದ್ದೆ, ಬರೆಯದಿದ್ದರೆ ಆಗುವುದಿಲ್ಲ. ಸೋಮವಾರ ತಪಾಸಣೆಯವರು ಇಟ್ಟಿಗೆ ಭಟ್ಟಿಯ ಹಿಂದಿನ ಹಳ್ಳವನ್ನು ಅಗೆಯುತ್ತಾರೆ. ಹೂತಿಟ್ಟದ್ದು ಅಲ್ಲಿಲ್ಲ ಅಪ್ಪಾ. ನನಗಾಗ ಒಂಬತ್ತು ವರ್ಷ. ನೀನು ಟ್ರ್ಯಾಕ್ಟರ್ ಓಡಿಸುತ್ತಿದ್ದೆ, ನಾನು ಹಿಂದೆ ಕಾರ್ಖಾನೆಯ ಕಸದ ಚೀಲಗಳ ಮೇಲೆ ಕೂತಿದ್ದೆ. ಕೆರೆಗೆ ನೀರು ಹರಿಯುವ ಊಟೆಯ ಮೇಲಿನ ದಿಬ್ಬದಲ್ಲಿ ನೀನು ಅವನ್ನು ಹೊಂಡಕ್ಕೆ ಹಾಕಿ ಮುಚ್ಚಿ, ಮೇಲೆ ಸಸಿ ನೆಟ್ಟೆ. ಯಾರಿಗೂ ಹೇಳಬೇಡ ಅಂದೆ. ಇಪ್ಪತ್ತಾರು ವರ್ಷ ಹೇಳಲಿಲ್ಲ. ನೀನಾಗಿಯೇ ತೋರಿಸಿದರೆ ತಪ್ಪು ಒಪ್ಪಿಕೊಂಡ ಹಾಗೆ, ನಾನು ತೋರಿಸಿದರೆ ಅಪ್ಪನನ್ನು ಹಿಡಿದುಕೊಟ್ಟ ಹಾಗೆ. ಭಾನುವಾರ ನಾಲ್ಕು ಗಂಟೆಯ ಬಸ್ಸಿಗೆ ಬಾ. ನಿಲ್ದಾಣದಲ್ಲಿ ಕಾಯುತ್ತಿರುತ್ತೇನೆ. ನೀನು ಇಳಿಯದಿದ್ದರೆ ಬೆಳಿಗ್ಗೆ ನಾನೇ ಅವರನ್ನು ದಿಬ್ಬಕ್ಕೆ ಕರೆದುಕೊಂಡು ಹೋಗುತ್ತೇನೆ.