ನೀಲಿ ಚೌಕಳಿಯ ಪರದೆ

ಹೊಲಿಗೆ ಅಂಗಡಿಯಿಂದ,
ಸೋಮವಾರ ಮಧ್ಯಾಹ್ನ

ನನ್ನ ಪುಟ್ಟಿಗೆ,

ಅಕ್ಕನ ಪ್ರೀತಿ ಮೊದಲು, ಜಗಳ ಆಮೇಲೆ. ನಿನ್ನ ಕಾಗದ ಬೆಳಿಗ್ಗೆ ಕೈಸೇರಿತು. ಗಿರಾಕಿಯೊಬ್ಬಳು ಅಂಗಿಯ ತೋಳು ಬಿಗಿ ಎಂದು ಗೊಣಗುತ್ತ ಎದುರಿಗೇ ನಿಂತಿದ್ದಳು, ಆದರೂ ಒಡೆದು ಓದಿದೆ. ನನ್ನ ಮುಖ ನೋಡಿ ಅವಳು ತೋಳಿನ ವಿಷಯ ಬಿಟ್ಟು ಹಾಗೇ ಹೊರಟುಹೋದಳು.

ನಿನ್ನ ಮಾವ ಸಮಾರಂಭದ ದಿನದಿಂದ ಸರಿಯಾಗಿ ಉಣ್ಣುತ್ತಿಲ್ಲ, ಗೋಡೆ ಕಡೆ ಮುಖ ಮಾಡಿ ಕೂರುತ್ತಾರೆ ಎಂದು ಬರೆದಿದ್ದೀಯ. ನಾನು ಉದ್ಯಾನ ಸಮಿತಿಯವರ ಮುಂದೆ ಬಂದು, ಆ ಪರದೆ ಅಂಗಡಿಯ ಚೂರುಪಾರಿನಿಂದ ತಿಳಿಯದೆ ಹೊಲಿದದ್ದು, ತಪ್ಪಾಯಿತು ಎನ್ನಬೇಕಂತೆ. ಹಾಗೆ ಅಂದರೆ ಬರುವ ಭಾನುವಾರ ಸಮಾರಂಭ ಮತ್ತೆ ನಡೆಸಿ, ಗುಡ್ಡಕ್ಕೆ ಅವರ ಹೆಸರಿಟ್ಟು, ಕಲ್ಲಿನ ಮೇಲಿನ ಪರದೆ ಸರಿಸುತ್ತಾರಂತೆ. ಇಲ್ಲದಿದ್ದರೆ ನಿಮ್ಮ ಮನೆಯ ಬಾಗಿಲು ನನಗೆ ಮುಚ್ಚಿದಂತೆಯೇ ಅಂತೆ. ಪುಟ್ಟಿ, ಆ ಮನೆಯವರು ಬಾಗಿಲು ಮುಚ್ಚುವುದು ನಮಗೇನು ಹೊಸದೇ?

ತಿಳಿಯದೆ ಹೊಲಿದೆ ಎಂದು ಮಾತ್ರ ನನ್ನ ಬಾಯಲ್ಲಿ ಬರುವುದಿಲ್ಲ. ಬೇಕೆಂದೇ ಹೊಲಿದೆ. ಹೊಲಿಯುವಾಗ ಹಾಡು ಬೇರೆ ಗುನುಗಿಕೊಳ್ಳುತ್ತಿದ್ದೆ. ಬಹಳ ವರ್ಷಗಳಿಂದ ಅಷ್ಟು ಖುಷಿಯಾಗಿ ಮಷೀನು ತುಳಿದಿರಲಿಲ್ಲ.

ಗ್ರಂಥಾಲಯದ ಮೇಷ್ಟ್ರು ಟೇಪ್ ರೆಕಾರ್ಡರ್ ಹಿಡಿದು ಮನೆಮನೆಗೆ ಬಂದದ್ದು ನಿನಗೂ ಗೊತ್ತು. ಗುಡ್ಡವನ್ನು ಚೊಕ್ಕಟ ಮಾಡಿ ಉದ್ಯಾನ ಮಾಡುತ್ತೇವೆ, ಯುದ್ಧದ ಕಾಲದ ನೆನಪು ಹೇಳಿ ಎಂದು ಕೇಳಿದರು. ಜನ ಬಾಯ್ತುಂಬ ಹೇಳಿದರು. ಗುಡ್ಡದ ತುದಿಯಲ್ಲಿದ್ದ ಫಿರಂಗಿ, ಮರಳಿನ ಚೀಲಗಳು, ಮಕ್ಕಳು ಗುಂಡಿನ ಖಾಲಿ ತೋಟೆ ಆರಿಸಿ ಸೀಟಿ ಊದುತ್ತಿದ್ದದ್ದು, ಸೈರನ್ ಕೂಗಿದಾಗ ಸುರಂಗದಲ್ಲಿ ಕೂತು ಹಾಡು ಹೇಳಿದ್ದು. ಆ ನೆನಪುಗಳಲ್ಲಿ ಎಲ್ಲರೂ ಏದುಸಿರು ಬಿಡುತ್ತ ಇಳಿಜಾರು ಹತ್ತುತ್ತಾರೆ, ಸುರಂಗದಲ್ಲಿ ಕೂರುತ್ತಾರೆ, ಮನೆಗೆ ಬರುತ್ತಾರೆ. ಒಬ್ಬರ ನೆನಪಿನಲ್ಲೂ ಸುರಂಗದ ಬಾಗಿಲು ಮಾತ್ರ ಇಲ್ಲ. ಗೇಣು ಜಾಗಕ್ಕೆ ಕೋರ್ಟು ಹತ್ತುವ ಊರು ನಮ್ಮದು, ಆದರೂ ಇಷ್ಟು ವರ್ಷ ಆ ಗುಡ್ಡದಲ್ಲಿ ಒಬ್ಬರೂ ಗುಡಿಸಲು ಹಾಕಲಿಲ್ಲ, ಆಡು ಕಟ್ಟಲಿಲ್ಲ. ಮುಳ್ಳು ಬೆಳೆಯಿತು, ಒಡೆದ ಬಾಟಲಿ ಬಿತ್ತು. ಯಾಕೆ ಹೀಗೆ ಎಂದು ಆ ಮೇಷ್ಟ್ರೂ ಕೇಳಲಿಲ್ಲ.

ನಿನ್ನ ಮದುವೆಗೆ ಮುಂಚೆ ಒಂದು ಸಲ ನಿನಗೆ ಹೇಳಿದ್ದೆ. ಬಿಡಕ್ಕ, ಆಗ ನಿನಗೇ ಏಳು ವರ್ಷ, ಏನು ನೆನಪಿರುತ್ತೆ ಎಂದು ನೀನು ಅಂದೆ. ಸಂಬಂಧ ತಂದ ದೊಡ್ಡಮ್ಮನೂ, ತಾಯಿ ಇಲ್ಲದ ಹುಡುಗಿಗೆ ಉಣ್ಣೋ ಮನೆ ಸಿಕ್ಕಿದೆ, ನೀನು ಕಲ್ಲು ಹಾಕಬೇಡ ಎಂದು ನನ್ನ ಬಾಯಿ ಮುಚ್ಚಿಸಿದಳು. ಈಗ ಇನ್ನೊಂದು ಸಲ ಹೇಳುತ್ತೇನೆ, ಕೇಳು.

ಸುರಂಗದ ಉಸ್ತುವಾರಿ ನಿನ್ನ ಮಾವನದು. ಯುದ್ಧದಲ್ಲಿ ಬಟ್ಟೆಗೆ ಬರ ಬಂದಿತ್ತು, ಅವರ ಜವಳಿ ಅಂಗಡಿಯಲ್ಲಿ ಮಾತ್ರ ದಾಸ್ತಾನಿತ್ತು. ಬಾಂಬು ಬಿದ್ದು ಅಂಗಡಿ ಸುಟ್ಟೀತು ಎಂದು ಬಟ್ಟೆಯ ಮೂಟೆಗಳನ್ನೆಲ್ಲ ತಂದು ಸುರಂಗದಲ್ಲಿ ಒಟ್ಟಿದ್ದರು. ಆವತ್ತು ಸೈರನ್ ಕೂಗಿದಾಗ ಅಮ್ಮ ನಿನ್ನನ್ನು ಎತ್ತಿಕೊಂಡು, ನನ್ನ ಕೈ ಹಿಡಿದು ಬಾಗಿಲವರೆಗೂ ಬಂದಳು. ನನ್ನನ್ನು ಒಳಗೆ ದೂಡಿ ನಿನ್ನನ್ನು ನನ್ನ ಕೈಗೆ ದಾಟಿಸಿದಳು. ಅಷ್ಟರಲ್ಲಿ ನಿನ್ನ ಮಾವ ಅಡ್ಡ ನಿಂತು, ಒಳಗೆ ಜಾಗ ಇಲ್ಲಮ್ಮ, ಗುಡ್ಡದ ಆ ಕಡೆ ಇನ್ನೊಂದು ಸುರಂಗ ಇದೆಯಲ್ಲ, ಅಲ್ಲಿಗೆ ಹೋಗಿ ಎಂದರು. ಅಮ್ಮನ ಹಿಂದೆ ಗಡಿಯಾರ ರಿಪೇರಿಯ ಅಜ್ಜ ಇದ್ದ, ಅಂಚೆಯವನ ಹೆಂಡತಿ ಇದ್ದಳು. ಬಾಗಿಲು ಮುಚ್ಚಿತು, ಅಗುಳಿ ಬಿತ್ತು. ಹೊರಗಿನಿಂದ ಬಡಿದರು. ಆಮೇಲೆ ಗುಡ್ಡವೇ ನಡುಗಿತು, ಬಡಿಯುವುದು ನಿಂತಿತು.

ಅಷ್ಟು ಹೊತ್ತೂ ನಾನು ನಿನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒಂದು ಮೂಟೆಯ ಮೇಲೆ ಕೂತಿದ್ದೆ. ಅಮ್ಮನಿಗೆ ಸಿಗಬೇಕಿದ್ದ ಜಾಗದಲ್ಲಿ ಅದು ಕೂತಿತ್ತು. ಹೊಸ ಬಟ್ಟೆಯ ಗಂಜಿ ವಾಸನೆ ಇವತ್ತಿಗೂ ನನಗೆ ಆಗುವುದಿಲ್ಲ. ಒಗೆಯದ ಬಟ್ಟೆಗೆ ಈ ಟೈಲರಮ್ಮ ಕತ್ತರಿ ಹಾಕಲ್ಲ, ಮಡಿ ಜಾಸ್ತಿ ಎಂದು ಗಿರಾಕಿಗಳು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಸತ್ತವರನ್ನು ಮಣ್ಣು ಮಾಡಿದ ಮೇಲೆ ನಿನ್ನ ಮಾವ ಆ ಮೂಟೆಗಳನ್ನು ಬಿಚ್ಚಿ, ಸುರಂಗದ ಒಳಗಿದ್ದವರ ಒಂದೊಂದು ಮನೆಗೂ ಒಂದೊಂದು ತುಂಡು ಕಳಿಸಿದರು. ನೀಲಿ ಬಣ್ಣ, ಬಿಳಿ ಚೌಕಳಿ. ಕೊಟ್ಟದ್ದು ಬಟ್ಟೆ, ಹೊಲಿದದ್ದು ಬಾಯಿ. ಆ ವರ್ಷ ನಮ್ಮ ಬೀದಿಯ ಮಕ್ಕಳೆಲ್ಲ ಒಂದೇ ಮನೆಯವರಂತೆ ಓಡಾಡಿದವು. ನಿನಗೂ ನನಗೂ ದೊಡ್ಡಮ್ಮ ಅದರಲ್ಲೇ ಲಂಗ ಹೊಲಿಸಿದಳು.

ಹೀಗಿರುವಾಗ ಸಮಿತಿಯ ಅಧ್ಯಕ್ಷರು ನನ್ನ ಅಂಗಡಿಗೇ ಬಂದು, ಕಲ್ಲಿಗೆ ಒಂದು ಪರದೆ ಬೇಕು, ನೆನಪಿನ ಕಾರ್ಯಕ್ರಮ ಅಲ್ವೇನಮ್ಮ, ಹಳೇ ಬಟ್ಟೆಯಾದ್ರೂ ನಡೆಯುತ್ತೆ ಎಂದರು. ದೇವರೇ ಬಂದು ಕದ ತಟ್ಟಿದ ಹಾಗಾಯಿತು. ಮಾರನೇ ದಿನದಿಂದ ಆ ನೀಲಿ ಚೌಕಳಿಯ ಬಟ್ಟೆ ಕೇಳುತ್ತ ಹಳೇ ಮನೆಗಳ ಮೆಟ್ಟಿಲು ಹತ್ತಿದೆ. ಯಾರೂ ಯಾಕೆ ಎಂದು ಕೇಳಲಿಲ್ಲ. ಒಬ್ಬಳು ದಿಂಬಿನ ಚೀಲ ಬಿಚ್ಚಿಕೊಟ್ಟಳು, ಇನ್ನೊಬ್ಬಳು ಪೆಟ್ಟಿಗೆಯ ತಳಕ್ಕೆ ಹಾಸಿದ್ದನ್ನು ಎಳೆದು ಕೊಟ್ಟಳು. ಉಡಲು ಮನಸ್ಸಿಲ್ಲದೆ, ಎಸೆಯಲು ಧೈರ್ಯವಿಲ್ಲದೆ ಎಲ್ಲರೂ ಇಟ್ಟುಕೊಂಡಿದ್ದರು. ಬ್ರೆಡ್ಡಿನ ಅಂಗಡಿಯ ಮುದುಕಿ, ತಗೊಂಡ್ಹೋಗೇ ತಾಯಿ, ಪೀಡೆ ತೊಲಗಲಿ ಎಂದು ನನ್ನ ಕೈಗೆ ತುರುಕಿದಳು.

ಸಮಾರಂಭದ ದಿನ ನೀನು ವೇದಿಕೆಯ ಪಕ್ಕದಲ್ಲಿ ಮುಂದಿನ ಕುರ್ಚಿಯಲ್ಲಿದ್ದೆ, ನಿನ್ನ ಬೆನ್ನಷ್ಟೇ ನನಗೆ ಕಾಣುತ್ತಿತ್ತು. ನೂರಾರು ಜೀವ ಉಳಿಸಿದವರು ಎಂದು ಮೈಕಿನಲ್ಲಿ ಹೊಗಳಿದರು. ನಿನ್ನ ಮಾವ ಎದ್ದು ಪರದೆಯ ಹಗ್ಗ ಹಿಡಿದು ತಲೆ ಎತ್ತಿದರು. ಜವಳಿಯವರ ಕಣ್ಣಲ್ಲವೇ, ತಮ್ಮ ಸರಕು ಗುರುತು ಹತ್ತದಿದ್ದೀತೇ? ಹಗ್ಗ ಎಳೆಯಲಿಲ್ಲ. ಯಾರು ಹೊಲಿದದ್ದು ಇದು ಎಂದು ಕೇಳಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ನಾನು ಎದ್ದು ನಿಂತೆ. ನನ್ನ ಹಿಂದೆ ಬ್ರೆಡ್ಡಿನ ಮುದುಕಿ ಎದ್ದಳು. ಮೂಟೆಗೆ ಜಾಗ ಇತ್ತು, ಅವರಿಗೆ ಇರ್ಲಿಲ್ವಾ ಎಂದು ಕೂಗಿದಳು. ಆಮೇಲೆ ಒಬ್ಬೊಬ್ಬರಾಗಿ ಹಳೇ ಹೆಂಗಸರೆಲ್ಲ ಎದ್ದರು. ನಿನ್ನ ಮಾವ ಹಗ್ಗ ಬಿಟ್ಟು ಮೆಟ್ಟಿಲು ತಡಕಾಡುತ್ತ ಇಳಿದರು. ಯಾರೂ ಕೈ ಕೊಡಲಿಲ್ಲ. ನನ್ನ ಹೊಟ್ಟೆ ತಣ್ಣಗಾಯಿತು ಪುಟ್ಟಿ, ಸುಳ್ಳು ಯಾಕೆ ಹೇಳಲಿ.

ವಯಸ್ಸಾದವರ ಮೇಲೆ ಹಗೆಯೇ ಎಂದು ಕೇಳಿದ್ದೀಯ. ಹೌದು. ಅಮ್ಮನಿಗೆ ವಯಸ್ಸಾಗಲೇ ಇಲ್ಲವಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕು, ಬಹಳ ತಡವಾಗಿ ಕುಡಿಯುತ್ತಿದ್ದಾರೆ ಅಷ್ಟೇ. ಸಮಿತಿಗೆ ನಾನು ಬರುತ್ತೇನೆ, ಆದರೆ ತಪ್ಪಾಯಿತು ಎನ್ನಲು ಅಲ್ಲ. ಆ ಕಲ್ಲು ಒಡೆದು ಹಾಕಿ, ಹೊರಗೆ ಸತ್ತವರ ಹೆಸರಿನ ಬೇರೆ ಕಲ್ಲು ನೆಡಿ ಎನ್ನುತ್ತೇನೆ. ಮೊದಲ ಹೆಸರು ಅಮ್ಮನದು. ಅಲ್ಲಿಯವರೆಗೆ ನನ್ನ ಪರದೆಯನ್ನು ಯಾರೂ ಮುಟ್ಟುವ ಹಾಗಿಲ್ಲ.

ಊಟ ತಿಂಡಿ ಬಿಡಬೇಡ, ನಿನಗೆ ಸಕ್ಕರೆ ಕಾಯಿಲೆ ಇದೆ.

ನಿನ್ನನ್ನು ಎತ್ತಿ ಆಡಿಸಿದ,
ಅಕ್ಕ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಲಕೋಟೆಗೆ ಅಂಟು ಹಚ್ಚುವ ಮುಂಚೆ ನಿನ್ನ ಕಾಗದ ಇನ್ನೊಮ್ಮೆ ನೋಡಿದೆ. ಕೊನೆಯಲ್ಲಿ, ಅಮ್ಮ ತಡವಾಗಿ ಬಂದಳಂತೆ, ಅದಕ್ಕೆ ಯಾರೇನು ಮಾಡೋಕಾಗುತ್ತೆ ಎಂದು ಬರೆದಿದ್ದೀಯ. ಇಷ್ಟು ವರ್ಷ ನಿನ್ನ ಸಂಸಾರ ಚೆನ್ನಾಗಿರಲಿ ಎಂದು ನುಂಗಿಕೊಂಡಿದ್ದೆ, ಇನ್ನು ನುಂಗುವುದಿಲ್ಲ. ಪರದೆಯ ನಡುಮಧ್ಯೆ ಇರುವುದು ಒಬ್ಬ ಹುಡುಗನ ಅಂಗಿ. ಅದನ್ನು ನಿಮ್ಮ ಮನೆಯ ಅಟ್ಟದಿಂದ ನಿನ್ನ ಗಂಡನೇ ತಂದುಕೊಟ್ಟರು, ನಾನು ಕೇಳಿರಲಿಲ್ಲ. ಮಾವನ ಕೈ ಹಗ್ಗದ ಮೇಲೆ ನಿಂತದ್ದು ಅದನ್ನು ನೋಡಿ. ಸೈರನ್ ಕೂಗಿದ ಆ ದಿನ ಮಾವ ಬಾಗಿಲು ತಳ್ಳಿ ಹಿಡಿದುಕೊಂಡಿದ್ದರು, ಅಗುಳಿ ಹಾಕೋ ಎಂದು ಮಗನಿಗೆ ಹೇಳಿದರು. ಹತ್ತು ವರ್ಷದ ಹುಡುಗ, ಅಪ್ಪನ ಮಾತು ಕೇಳಿದ. ನಾನು ಕಣ್ಣಾರೆ ಕಂಡಿದ್ದೇನೆ, ಅಂಗಿ ಕೊಡುವಾಗ ನಿನ್ನ ಗಂಡನೂ ನನ್ನ ಮುಂದೆ ಒಪ್ಪಿಕೊಂಡರು. ಅಮ್ಮ ತಡವಾಗಿ ಬಂದಳೇ ಎಂದು ಈ ಕಾಗದ ಸಿಕ್ಕ ದಿನ ಊಟಕ್ಕೆ ಬಡಿಸುವಾಗ ಅವರನ್ನೇ ಕೇಳು.