ಗೆರೆ ಬಿದ್ದ ಸೀರೆ

ಬನಹಟ್ಟಿ
೧೭ ಜುಲೈ ೨೦೨೫

ಅಣ್ಣ ಚಿದಾನಂದನಿಗೆ ತಂಗಿ ಮಧುಮತಿಯ ನಮಸ್ಕಾರ.

ಬರೆಯುವುದು ತಡವಾಯಿತು, ಕ್ಷಮಿಸು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ನನ್ನ ಸಿಟ್ಟು ಇಳಿದ ಮೇಲೆ ಬರೆಯೋಣ ಎಂದು ಕಾದೆ. ಇಳಿಯಲಿಲ್ಲ.

ನಿನ್ನ ಮಗಳು ರಾಧಿಕಾ ಮುಧೋಳದಿಂದ ಬಸ್ಸಿನಲ್ಲಿ ಒಬ್ಬಳೇ ಬಂದಳು. "ಅತ್ತಿ, ಅಪ್ಪ ನನ್ನ ಫೋನ್ ಅರಬಿ ಒಗಿಯೂ ಕಲ್ಲಿಗೆ ಬಡದು ಒಡದಾನ. ಕಾಲೇಜ್ ಸಾಕು, ಬನಹಟ್ಟಿಗೆ ಹೋಗಿ ನಿಮ್ಮತ್ತಿ ಮಗ್ಗಕ್ಕ ನಿಂದ್ರು ಅಂದಾನ," ಎಂದು ಅತ್ತಳು.

ಅವಳ ತಪ್ಪು ಮುಚ್ಚಿಡುವುದಿಲ್ಲ. ಮೊಬೈಲಿನಲ್ಲಿ ಕಂತು ಕಂತಾಗಿ ಬರುವ ಕಥೆಗಳ ಹುಚ್ಚು ಹಿಡಿದಿದೆ. ಮೊನ್ನೆ ನನ್ನ ಫೋನ್ ಹಿಡಿದು ಕೂತಿದ್ದಳು, ಎದುರಿಗೇ ಹಾಲು ಉಕ್ಕಿ ಗ್ಯಾಸ್ ಆರಿದರೂ ಖಬರಿಲ್ಲ. "ಇದೊಂದ ಕಂತು, ಅತ್ತಿ" ಅನ್ನುತ್ತಾಳೆ. ನೀನು "ಇದೊಂದ ಹಾಳಿ, ತಂಗೀ" ಅನ್ನುತ್ತಿದ್ದೆ. ನಿನ್ನದಕ್ಕೆ ಕೊನೆಯ ಹಾಳೆಯಾದರೂ ಇತ್ತು, ಪಾಪ, ಇವಳದಕ್ಕೆ ಅದೂ ಇಲ್ಲ.

"ನಾ ಓದಿದ್ದು ಸಾಹಿತ್ಯ, ನಿಂದು ಚಟ" ಅಂದೆಯಂತೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ! ಲೈಬ್ರರಿಯ ಕಾದಂಬರಿಯನ್ನು ಮಗ್ಗದ ಚೌಕಟ್ಟಿಗೆ ಸಿಕ್ಕಿಸಿಕೊಂಡು ನೇಯುತ್ತಿದ್ದವನು ನೀನು. ಹಾಸಿನ ಉದ್ದನೆಯ ಎಳೆ ಹರಿದದ್ದು ನಿನಗೆ ಕಾಣಲಿಲ್ಲ. ಸೆರಗಿನ ತನಕ ಸೀರೆಗೆ ಗೆರೆ ಬಿತ್ತು, ನೂಲು ಕೊಟ್ಟ ಸಾಹುಕಾರ ಅದನ್ನು ಅಪ್ಪನ ಮುಖದ ಮೇಲೆ ಎಸೆದ. ಅಪ್ಪ ನಿನ್ನನ್ನು ಹೊಡೆದನೇ? "ಹುಡುಗಗ ಓದೂ ಹುಚ್ಚೈತಿ, ಮುಂದ ಕಲೀಲಿ ಬಿಡು," ಎಂದು ಅವ್ವನಿಗೆ ಹೇಳಿ ಜಮಖಂಡಿಯ ಕಾಲೇಜಿಗೆ ಕಳಿಸಿದ. ಅದೇ ಹುಚ್ಚು ನಿನ್ನನ್ನು ಮಾಸ್ತರನನ್ನಾಗಿ ಮಾಡಿತು. ಮಗಳಿಗೆ ಬಂದರೆ ಕಲ್ಲಿಗೆ ಬಡಿಯಬೇಕೇ?

ಅವಳ ಚಟ ನಾನು ಬಿಡಿಸುತ್ತೇನೆ. ಹಗಲೆಲ್ಲ ನನ್ನ ಫೋನ್ ಜೋಳದ ಡಬ್ಬಿಯಲ್ಲಿರುತ್ತದೆ, ಬೈದುಕೊಂಡೇ ರೊಟ್ಟಿ ಬಡಿಯುತ್ತಾಳೆ. ಮಗ್ಗಕ್ಕೆ ಮಾತ್ರ ನಿಲ್ಲಿಸುವುದಿಲ್ಲ. ನನ್ನ ಮಗ್ಗವೇನು ಜೈಲೇ, ನೀನು ಮಗಳನ್ನು ಶಿಕ್ಷೆಗೆ ಕಳಿಸಲು? ಸೋಮವಾರ ಬಂದು ಕರೆದುಕೊಂಡು ಹೋಗು, ಕಾಲೇಜಿಗೆ ಕಳಿಸು. ಬರದಿದ್ದರೆ ಇಲ್ಲಿಯ ಕಾಲೇಜಿನಲ್ಲಿ ನಾನೇ ಹೆಸರು ಹಚ್ಚುತ್ತೇನೆ.

ಮನೆಯಲ್ಲಿ ವೈನಿ ರಂಜನಾಳನ್ನು ಕೇಳಿದೆ ಎಂದು ಹೇಳು. ಹಿರಿಯರಿಗೆ ಕಿರಿಯರು ಆಶೀರ್ವಾದ ಮಾಡಬಾರದು, ಈ ಸಲ ಮಾಡುತ್ತೇನೆ: ದೇವರು ನಿನಗೆ ಬುದ್ಧಿ ಕೊಡಲಿ.

ನಿನ್ನ ತಂಗಿ,
ಮಧುಮತಿ

ತಾ.ಕ.: ನೀನು ಜಮಖಂಡಿಗೆ ಹೋದ ಮರುದಿನ ನಿನ್ನ ಮಗ್ಗಕ್ಕೆ ಅಪ್ಪ ನನ್ನನ್ನು ನಿಲ್ಲಿಸಿದ. ಎಂಟನೆಯ ಇಯತ್ತೆಗೇ ನನ್ನ ಸಾಲಿ ಮುಗಿಯಿತು. ಸೀರೆ ಕೆಡಿಸಿದ ಆ ಕಾದಂಬರಿಯನ್ನು ನಾನೂ ಕದ್ದು ಅರ್ಧ ಓದಿದ್ದೆ. "ಲೈಬ್ರರಿಗೆ ತಿರುಗಿ ಕೊಡಬೇಕು, ನಿನಗ್ಯಾಕ ಬೇಕಿದು?" ಎಂದು ನೀನು ಹೋಗುವಾಗ ನನ್ನ ಕೈಯಿಂದ ಕಿತ್ತುಕೊಂಡೆ. ಅದರಲ್ಲಿಯ ಹುಡುಗಿಗೆ ಕೊನೆಗೆ ಏನಾಯಿತು, ಅಣ್ಣಾ? ನನಗೆ ಇವತ್ತಿಗೂ ಗೊತ್ತಿಲ್ಲ.