ಎಷ್ಟು ಕುರಿ ಎಂದು ಕೇಳಿದ ಕಚೇರಿಗೆ

ನಮ್ಮ ಗ್ರಂಥಾಲಯದ ಕಂಪ್ಯೂಟರ್ ಕೋಣೆಯ ಬಾಗಿಲನ್ನು ಹಿರಿಯರಿಗೆ ಮುಚ್ಚಿಸಿದ ಮಾನ್ಯ ಅಧಿಕಾರಿಗಳೇ,

ಅರವತ್ತು ದಾಟಿದವರು ಕಂಪ್ಯೂಟರ್ ಮುಟ್ಟಬಾರದು, ಅದು ಪರೀಕ್ಷೆ ಬರೆಯುವ ಯುವಕರಿಗೆ ಮಾತ್ರ ಎಂದು ತಾವು ಅಂಟಿಸಿದ ಆದೇಶದಿಂದ ನನ್ನ ಮಾವ ಶಿವರಾಯರು ತಮ್ಮ ಕುರಿಗಳನ್ನು ಮರೆಯುತ್ತಿದ್ದಾರೆ. ಅರವತ್ತಕ್ಕೆ ಬುದ್ಧಿಗೂ ನಿವೃತ್ತಿ ಎಂದು ಯಾವ ವೈದ್ಯರು ಹೇಳಿದರು? ತಮ್ಮ ಬುದ್ಧಿಗೆ ಇನ್ನೆಷ್ಟು ವರ್ಷ ಸರ್ವಿಸ್ ಉಳಿದಿದೆ?

ನಾನು ತಾಂಡೂರಿನವಳು. ಇಂಗ್ಲಿಷ್ ಶಾಲೆಯಲ್ಲಿ ಕಲಿತವಳು, ಮಾತು ಸ್ವಲ್ಪ ಜಾಸ್ತಿ. ಮದುವೆಯಾಗಿ ಒಂಬತ್ತು ತಿಂಗಳಾಯಿತು. ಗಂಡ ಮೈಲಾರಿ ಎಷ್ಟು ಒಳ್ಳೆಯವನೆಂದು ನಾಲ್ಕು ಪುಟ ಬರೆಯಬಲ್ಲೆ. ಆದರೆ ತಮಗೆ ಬರೆಯಬೇಕಾಗಿ ಬಂದದ್ದು ಇದನ್ನು. ಸಿರ್ಗಾಪುರದ ಕಡೆಯ ಈ ಊರಿಗೆ ಬಂದ ಮೊದಲ ವಾರವೇ ಅವನು ಹೇಳಿದ್ದ, ನಮ್ಮ ಮನೆಯಲ್ಲಿ ಕುರಿ ಎಣಿಸುವುದಿಲ್ಲ, ಎಣಿಸಿದರೆ ಕಡಿಮೆಯಾಗುತ್ತವೆ ಎಂದು. ಸಂಜೆ ಹಟ್ಟಿಯ ಬಾಗಿಲಲ್ಲಿ ನಿಂತು ಮಾವ ಒಂದೊಂದರ ಮುಖ ನೋಡುತ್ತಾರೆ. ಯಾವ ಮುಖ ಬರಲಿಲ್ಲವೋ ಅದು ತಪ್ಪಿಸಿಕೊಂಡಿದೆ. ಆದರೆ ನಾನು ಬರುವ ಹೊತ್ತಿಗೆ ಅವರಿಗೆ ಮುಖಗಳು ಜಾರತೊಡಗಿದ್ದವು. ಜಹೀರಾಬಾದಿನ ವೈದ್ಯರು, ತಲೆಗೆ ದಿನಾ ಕೆಲಸ ಕೊಡಿ ಎಂದರು.

ಆಗ ನನಗೊಂದು ಹುರುಪು ಬಂತು. ಪ್ರತಿ ಕುರಿಯ ಫೋಟೋ ತೆಗೆದು, ಫೋನಿನ ಪರದೆ ಅವರ ಕಣ್ಣಿಗೆ ಚಿಕ್ಕದಾದ್ದರಿಂದ, ಗ್ರಂಥಾಲಯದ ಕಂಪ್ಯೂಟರಿಗೆ ಹಾಕಿದೆ. ಮಾವ ಹೊರಗೆ ಚಪ್ಪಲಿ ಬಿಟ್ಟು, ಮೌಸಿಗೆ ಕೈಮುಗಿದು ಕೂರುತ್ತಿದ್ದರು. ಎಳೆಯ ವಯಸ್ಸಿನಲ್ಲಿ ಕಲಿತ ನಾಲ್ಕು ಅಕ್ಷರಗಳನ್ನು ನೆನಪಿಸಿಕೊಂಡು, ಒಂದೇ ಬೆರಳಲ್ಲಿ ಪ್ರತಿ ಫೋಟೋದ ಕೆಳಗೆ ಕುರಿಯ ಹೆಸರು, ಅದರ ತಾಯಿಯ ಹೆಸರು ಬರೆಯತೊಡಗಿದರು.

"ಇಕಿ ಮೊಂಡಗಿವಿ. ಬಿಳಿಹಣಿ ಮಗಳು. ಬಾಳ ಕಳ್ಳಿ. ನಿನ್ನ ಮದಿವಿ ಫೋಟೋಕ್ಕಿಂತ ಇಕಿದೇ ಚಂದ ಬಂದದ ನೋಡವ್ವಾ."

ಪಕ್ಕದಲ್ಲಿ ಬೀಸುವ ಹಾಡುಗಳನ್ನು ಟೈಪ್ ಮಾಡುತ್ತಿದ್ದ ಗುಂಡಮ್ಮಜ್ಜಿ, "ಸೊಸೀನ ಕುರಿ ಜೋಡಿ ನಿಲ್ಲಸ್ತೀಯೇನೋ ಶಿವರಾಯಾ" ಎಂದು ನಗುತ್ತಿದ್ದರು. ಮರೆವು ವಾಸಿಯಾಯಿತೆಂದು ನಾನು ಹೇಳುವುದಿಲ್ಲ. ಆದರೆ ಆ ನಾಲ್ಕು ತಿಂಗಳು ಹಟ್ಟಿಯಲ್ಲಿ ಅವರಿಗೆ ಒಂದು ಮುಖವೂ ತಪ್ಪಲಿಲ್ಲ.

ಆಮೇಲೆ ತಮ್ಮ ಆದೇಶ ಬಂತು. ಆ ಫೋಟೋಗಳನ್ನಾದರೂ ಕೊಡಿ ಎಂದು ಅರ್ಜಿ ಹಿಡಿದು ಗ್ರಂಥಾಲಯದ ಕಚೇರಿಗೆ ಹೋದೆವು. ತಮ್ಮ ಗುಮಾಸ್ತರು ಅರ್ಜಿಯಲ್ಲಿ ಸಂಖ್ಯೆ ಬರೆಯಲು ಬಿಟ್ಟಿದ್ದ ಚೌಕದ ಖಾಲಿ ಮನೆ ತೋರಿಸಿದರು.

"ಎಷ್ಟು ಅದಾವ, ನಂಬರ್ ಬರೀರಿ. ಇಲ್ಲಾಂದ್ರ ಅರ್ಜಿ ತೊಗೊಳ್ಳಂಗಿಲ್ಲ."

"ಅದು ಹೇಳಾಕ ಬರಂಗಿಲ್ರಿ ಸಾಹೇಬ್ರ, ನಮ್ಮಲ್ಲಿ ಕುರಿ ಎಣಸಂಗಿಲ್ಲ" ಎಂದರು ಮಾವ.

"ಕುರಿ ಎಣಸಬ್ಯಾಡ ಮುತ್ಯಾ, ಫೋಟೋ ಎಣಸು" ಎಂದರು ಗುಮಾಸ್ತರು.

ಕಚೇರಿಯಲ್ಲಿದ್ದವರೆಲ್ಲ ನಕ್ಕರು. ನನಗೆ ಅವಸರ, ಅರ್ಜಿ ಮುಗಿದರೆ ಸಾಕಿತ್ತು. ಗುಮಾಸ್ತರು ಫೋಟೋಗಳನ್ನು ತೆರೆದಿಟ್ಟ ಪರದೆಯ ಮೇಲೆ ಬೆರಳಿಟ್ಟು, ಮಾವನ ಎದುರೇ, ಗಟ್ಟಿಯಾಗಿ ಎಣಿಸಿದೆ. ಗೊತ್ತಿದ್ದೂ ಎಣಿಸಿದೆ. ಮಾವ ಎದ್ದು ಹೊರಗೆ ಹೋಗಿ ನಿಂತರು.

ಹದಿನೈದು ದಿನಕ್ಕೆ ತಮ್ಮ ಉತ್ತರ ಬಂತು: ಖಾಸಗಿ ಕಡತಗಳನ್ನು ಅಳಿಸಲಾಗಿದೆ, ಅರ್ಜಿ ವಿಲೇವಾರಿಯಾಗಿದೆ. ಆ ಫೋಟೋಗಳು ನನ್ನ ಫೋನಿನಲ್ಲೂ ಇರಲಿಲ್ಲ. ಜಾಗ ಸಾಲದೆ ಮೊದಲೇ ತೆಗೆದುಹಾಕಿದ್ದೆ. ಕಾಗದ ಓದಿ ಹೇಳಿದಾಗ ಮಾವ ಬೈಯಲಿಲ್ಲ.

"ಎಣಿಸಿದಿ. ಹೋದವು" ಎಂದರು, ಅಷ್ಟೇ.

ಮತ್ತೆ ಫೋಟೋ ತೆಗೆಯಲು ಅವರು ಬಿಡುತ್ತಿಲ್ಲ. ಕಂಪ್ಯೂಟರಿನ ಮಾತೆತ್ತಿದರೆ ಗೋಡೆಯ ಕಡೆ ತಿರುಗುತ್ತಾರೆ. ಹೋದ ತಿಂಗಳು ಬೇರೆಯವರ ಮರಿಯನ್ನು ನಮ್ಮದೆಂದು ತಂದು ಕಟ್ಟಿದರು. ಮೊನ್ನೆ ಮೊಂಡಗಿವಿ ಬಂದು ಅವರ ಅಂಗೈ ನೆಕ್ಕಿತು. "ಯಾರ್ದಿದು, ಹೊಡೀರಿ ಆಕಡೆ" ಎಂದರು. ರೊಟ್ಟಿ ಬಡಿಸಲು ಹೋದ ನನ್ನನ್ನೂ ಕೇಳಿದರು, "ನೀ ಯಾರ ಮಗಳವ್ವಾ?"

ತಪ್ಪು ನನ್ನದೂ ಹೌದು. ಆದರೆ ಆ ಖಾಲಿ ಮನೆ ಯಾರದು? ಅಳಿಸುವ ಮುಂಚೆ ಒಂದು ಪ್ರತಿ ಮಾಡಲು ಎಷ್ಟು ಹೊತ್ತು ಬೇಕಿತ್ತು? ಬೆಳಿಗ್ಗೆ ಎರಡು ಗಂಟೆ ಮುದುಕರು ಕೂತರೆ ಯಾವ ಯುವಕನ ನೌಕರಿ ಹೋಗುತ್ತಿತ್ತು?

ಆದೇಶ ಕಿತ್ತುಹಾಕಿ. ಮುಂಜಾನೆ ಆ ಕೋಣೆಯನ್ನು ಹಿರಿಯರಿಗೆ ತೆರೆಯಿರಿ. ಗುಂಡಮ್ಮಜ್ಜಿಗೆ ಇನ್ನೂ ಹಾಡುಗಳು ನೆನಪಿವೆ, ಬೇಗ ತೆರೆಯಿರಿ. ಅಳಿಸಿದ್ದನ್ನು ಮರಳಿ ತರಬಲ್ಲವರನ್ನು ಹುಡುಕಿ, ಮಾವ ಬರೆದ ಹೆಸರುಗಳನ್ನು ನಮಗೆ ಕೊಡಿಸಿ. ಆ ಕುರಿಗಳು ಯಾರ ಮಕ್ಕಳೆಂದು ಹೇಳುವವರು ಈಗ ಮನೆಯಲ್ಲಿ ಯಾರೂ ಇಲ್ಲ.

ಉತ್ತರ ಬರೆಯುವಾಗ ಎಷ್ಟು ಎಂದು ಮಾತ್ರ ಕೇಳಬೇಡಿ. ಆ ಸಂಖ್ಯೆಯ ಮನೆಯನ್ನು ನಾನು ಖಾಲಿ ಬಿಡುತ್ತೇನೆ.

ಇಂತಿ,
ಒಮ್ಮೆ ಎಣಿಸಿದ ಸೊಸೆ,
ಭವಾನಿ